ಬಾಗಿಲಿನಡಿಯ ಮೇಣ

ಕಾರಿನ ಬಾಗಿಲ ಕೆಳಗಂಚಿನಲ್ಲಿ ಕಡಲೆಕಾಳಿನಷ್ಟು ದಪ್ಪದ ಗುಳ್ಳೆ ಎದ್ದಿತ್ತು. ಗ್ರಂಥಪಾಲಕ ಉಗುರಿನಿಂದ ಒತ್ತಿದ. ಬಣ್ಣ ಮೊಟ್ಟೆಯ ಸಿಪ್ಪೆಯಂತೆ ಬಿರಿದು ಕೆಂಪು ಪುಡಿ ಉದುರಿತು. ಹೋದ ವರ್ಷವೂ ಇದೇ ಜಾಗ. ಅದರ ಹಿಂದಿನ ವರ್ಷವೂ ಇದೇ.

"ಸಂಜೆ ಅಪ್ಪ ಬರ್ತಾರೆ, ನೆನಪಿದೆ ತಾನೆ?" ಕಿಟಕಿಯಿಂದ ಹೆಂಡತಿ ಕೇಳಿದಳು.

ಮರೆಯುವ ಮಾತೇ? ಜೊತೆಗೆ ಷಡ್ಡಕನೂ ಊಟಕ್ಕೆ ಬರುವವನಿದ್ದ. ಮಾವ ತಮ್ಮ ಎರಡು ಹಳೇ ಕಾರುಗಳನ್ನು ಇಬ್ಬರು ಅಳಿಯಂದಿರಿಗೆ ಕೊಟ್ಟಿದ್ದರು. ಕೊಟ್ಟಿದ್ದರೇ ಹೊರತು ಬಿಟ್ಟುಕೊಟ್ಟಿರಲಿಲ್ಲ. ಕಳೆದ ಸಲ ಊಟಕ್ಕೆ ಕೂತವರೆಲ್ಲರೆದುರು, "ಇನ್ನೊಂದು ಸಲ ತುಕ್ಕು ಕಂಡ್ರೆ ಕಾರು ವಾಪಸ್ ತಗೊಂಡ್ಹೋಗ್ತೀನಿ. ನೋಡ್ಕೊಳ್ಳೋಕೆ ಬರದವರಿಗೆ ಯಾಕೆ?" ಅಂದಿದ್ದರು. ಷಡ್ಡಕ ನೀರು ಕುಡಿಯುವ ನೆಪದಲ್ಲಿ ನಕ್ಕಿದ್ದ. ಆ ನಗು ಗ್ರಂಥಪಾಲಕನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇನ್ನೂ ಚುಚ್ಚುತ್ತಿತ್ತು.

ಅವನು ಉಪ್ಪುಕಾಗದ ಹಿಡಿದು ಉಜ್ಜತೊಡಗಿದ.

"ಏನಪ್ಪಾ, ಪಾತ್ರೆ ತಿಕ್ಕೋ ಹಾಗೆ ತಿಕ್ತಿದೀಯ!" ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿದರು. "ಮೇಲೊಂದು ಕೈ ಬಣ್ಣ ಎಳೆದುಬಿಡು."

"ಅದಕ್ಕೇ ಸಾರ್ ಮತ್ತೆ ಮತ್ತೆ ಬರ್ತಿರೋದು. ತಗಡು ಬೆಳ್ಳಗಾಗೋ ತನಕ ಬಿಡಬಾರದು."

ತಗಡು ಬೆಳ್ಳಗಾಯಿತು. ಪ್ರೈಮರ್ ಡಬ್ಬಿ ತರಲು ಅವನು ಒಳಗೆ ಹೋಗಿ ಬರುವಷ್ಟರಲ್ಲಿ ಪೋಸ್ಟ್‌ಮಾಸ್ಟರ್ ಒದ್ದೆ ಬಟ್ಟೆ ಹಿಂಡುತ್ತ ನಿಂತಿದ್ದರು.

"ಧೂಳಿತ್ತು. ಒರೆಸಿಕೊಟ್ಟೆ."

ನೋಡನೋಡುತ್ತಲೇ ತಗಡಿನ ಮೇಲೆ ತೆಳ್ಳಗೆ ಹಳದಿ ತುಕ್ಕು ಅಡರಿತು. ಅವನು ಮತ್ತೆ ಮೊದಲಿನಿಂದ ಉಜ್ಜಿದ. ಎದುರು ಮನೆಯ ಟೈಲರಮ್ಮ ಬಂದು, "ಅಯ್ಯೋ, ಕನ್ನಡಿ ಹಾಗಾಗಿದೆಯಲ್ಲಣ್ಣ!" ಎಂದು ಬೆವರಿದ ಅಂಗೈಯನ್ನು ಅದರ ಮೇಲೆ ಪೂರ್ತಿ ಒತ್ತಿದರು. ಅವನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಆ ಅಂಗೈ ಅಚ್ಚನ್ನೂ ಅಳಿಸಿದ.

ಬಾಗಿಲಿನ ಅಡಿಭಾಗ ಉಜ್ಜಲು ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದಾಗ ಕೈಗೇನೋ ಗಂಟು ಸಿಕ್ಕಿತು. ಗಟ್ಟಿಯಾದ ಮೇಣ. ಸ್ಕ್ರೂಡ್ರೈವರಿನಿಂದ ಕಿತ್ತದ್ದೇ ತಡ, ಒಳಗಿನಿಂದ ಕೆಂಪು ನೀರು ಭುಳುಭುಳು ಸುರಿದು ಅವನ ಕಿವಿ ತುಂಬಿತು.

"ಅದ್ಯಾಕ್ರೀ ಕಿತ್ರಿ?" ಹೆಂಡತಿ ಓಡಿ ಬಂದಳು. "ಮಳೆನೀರು ಒಳಗೆ ಹೋಗಬಾರದು ಅಂತ ಅಪ್ಪನೇ ಮೆತ್ತಿದ್ದು!"

"ನೀರು ಕಿಟಕಿ ಗಾಜಿನ ಸಂದಿಯಿಂದ ಒಳಗೆ ಹೋಗುತ್ತೆ ಕಣೇ! ಈ ತೂತು ಇರೋದು ಅದು ಹೊರಗೆ ಬರೋಕೆ!"

ಇಷ್ಟು ವರ್ಷ ತುಕ್ಕು ಸಾಕಿದವರು ಅವರು, ಬೈಸಿಕೊಂಡವನು ಇವನು! ಎಂದೂ ದನಿಯೆತ್ತದ ಗ್ರಂಥಪಾಲಕನ ಮೈ ಕುದಿಯಿತು. ಇವತ್ತು ಊಟದ ಮೇಜಿನಲ್ಲೇ, ಷಡ್ಡಕನ ಮುಂದೆಯೇ ಹೇಳಿಬಿಡುತ್ತೇನೆ. ಮಧ್ಯಾಹ್ನವಿಡೀ ಮಾತು ಮಸೆಯುತ್ತಲೇ ಅವನು ಬಾಗಿಲು ಒಣಗಿಸಿದ, ಒಳಮೈಗೆ ಎಣ್ಣೆ ಇಳಿಸಿದ, ಪ್ರೈಮರ್ ಬಳಿದ, ಅದು ಒಣಗಿದ ಮೇಲೆ ಬಣ್ಣ ಹಚ್ಚಿದ.

ಸಂಜೆ ಮಾವ ಷಡ್ಡಕನ ಕಾರಿನಲ್ಲಿ ಬಂದಿಳಿದರು. ಕನ್ನಡಕ ಏರಿಸಿ, ಮಂಡಿಯೂರಿ, ಕಾರಿನ ಅಡಿಗೆಲ್ಲ ಕೈಯಾಡಿಸಿ ಬಹಳ ಹೊತ್ತು ನೋಡಿದರು. ತುಕ್ಕಿನ ಸುಳಿವಿರಲಿಲ್ಲ.

"ಭೇಷ್!" ಅಂದರು.

"ಮಾವ, ಆ ಮೇಣ..."

"ಇರಿ, ನನ್ನ ಮಾತು ಮುಗೀಲಿ. ಕಾರು ನೋಡ್ಕೊಳ್ಳೋದು ನಿಮ್ಮ ಹತ್ರ ಕಲೀಬೇಕು. ಈ ಮಹಾರಾಯನ ಕಾರು ನೋಡಿ, ತುಕ್ಕು ತಿಂದು ಜರಡಿ ಆಗಿದೆ. ಅದು ಉಳಿಯೋದಿದ್ರೆ ನಿಮ್ಮ ಕೈಲೇ. ಅದನ್ನ ನೀವಿಟ್ಕೊಳ್ಳಿ, ಇದನ್ನ ಅವನು ಓಡಿಸಲಿ."

ಮಸೆದಿಟ್ಟ ಮಾತೆಲ್ಲ ಗ್ರಂಥಪಾಲಕನ ನಾಲಿಗೆಯಲ್ಲೇ ಮೊಂಡಾಯಿತು. ಷಡ್ಡಕ ಆಗಲೇ ಸ್ಟೀರಿಂಗಿನ ಮುಂದೆ ಕೂತು ಹಾರ್ನ್ ಪರೀಕ್ಷಿಸುತ್ತಿದ್ದ. ಗ್ರಂಥಪಾಲಕ ತನ್ನ ಪಾಲಿಗೆ ಬಂದ ಕಾರಿನ ಬಾಗಿಲು ತೆರೆದ. ಬಾಗಿಲಿನೊಳಗೆ ನೀರು ಕೊಡದಲ್ಲಿ ತುಳುಕಿದಂತೆ ತುಳುಕಿತು.

ಬೆರಳಿಗಂಟಿದ್ದನ್ನು ಕರವಸ್ತ್ರಕ್ಕೆ ಒರೆಸುತ್ತ ಮಾವ ತಿರುಗಿದರು.

"ಅಂದಹಾಗೆ, ನೀವು ಬಣ್ಣ ಹಚ್ಚಿದ ಬಾಗಿಲಿನಡಿ ಮೇಣ ಬಿದ್ದುಹೋಗಿತ್ತು. ಮತ್ತೆ ಮೆತ್ತಿದೀನಿ. ಅಷ್ಟೂ ಗಮನ ಬೇಡ್ವೇ ಅಳಿಯಂದಿರೇ?"