ಪೆಟ್ಟಿಗ್ಯಾಗ ಕುಂತ ಹಿರ್ಯಾರು

ಮಂದಿ ಮನ್ಯಾಗ ದೆವ್ವ ಭೂತ ಬಂದ್ರ ಅಮಾಸಿಗೋ ಹುಣ್ಣಿವಿಗೋ ಬರ್ತಾವಂತ. ನಮ್ಮ ಮನ್ಯಾಗ ಹಂಗಿಲ್ಲ. ಮೊಮ್ಮಗಳು ಕಂಪ್ಯೂಟರ್ ತಗದು ಕುಂತ್ಲಂದ್ರ ಏನರ ಒಂದು ಆಗೇ ಆಗ್ತೈತಿ. ಹೊತ್ತಿಲ್ಲ, ಗೊತ್ತಿಲ್ಲ. ರೊಟ್ಟಿ ಬಡಿಯೋ ಹೊತ್ತಿನ್ಯಾಗ ಮೈ ಜುಮ್ ಅಂದು, ಸಂಜಿಗೆ ಅದನ್ನ ನೆನಸ್ಕೊಂಡು ಹೊಟ್ಟಿ ಹಿಡಕೊಂಡು ನಕ್ಕದ್ದೈತಿ. ಅಂಥಾವ ಒಂದಿಷ್ಟು ಹೇಳ್ತೇನಿ, ಕೇಳ್ರಿ.

ಸಾಯಿಸೋದು, ಎಬ್ಬಿಸೋದು

ಶಿಗ್ಗಾಂವದಾಗ ಪ್ಯಾಟಿ ಹಿಂದಿನ ಓಣ್ಯಾಗ ನಮ್ಮ ಮನಿ. ಮೊಮ್ಮಗಳು ಕಂಪ್ಯೂಟರ್ ಕಲತಾಕಿ. ಎಲ್ಲೂ ಹೋಗಂಗಿಲ್ಲ, ಇಲ್ಲೇ ಕುಂತು ಕೆಲಸ ಮಾಡ್ತೇನಿ ಅಂತ ಹಟಾ ಹಿಡದು, ಪಡಸಾಲಿ ಮೂಲ್ಯಾಗ ಒಂದು ಟೇಬಲ್ ಹಾಕ್ಕೊಂಡಾಳ. ಅಕಿಗೆ ಮೊದಲನೇ ದೊಡ್ಡ ಕೆಲಸ ಹೇಳಿದವ್ರು ನಮ್ಮ ಪ್ಯಾಟಿ ದಲಾಲರು. ಸುಗ್ಗ್ಯಾಗ ಗೋವಿನಜ್ವಾಳದ ಟ್ರ್ಯಾಕ್ಟರು ಹೈವೇ ತನಕ ನಿಲ್ತಾವು. ಯಾರು ಮುಂದ, ಯಾರು ಹಿಂದ ಅಂತ ದಿನಾ ಜಗಳ. ಅದಕ್ಕ ರೈತರು ಮನ್ಯಾಗಿಂದನ ಪಾಳಿ ಹಚ್ಚಬೇಕು, ಪಾಳಿ ಬಂದಾಗ ಅವರಿಗೆ ಫೋನ್ ಹೋಗಬೇಕು, ಪ್ಯಾಟ್ಯಾಗಿನ ಸ್ಪೀಕರು ಹೆಸರು ಕೂಗಬೇಕು. ಇಷ್ಟು ಮಾಡಿ ಕೊಡು ಅಂದ್ರು.

ಹಿರೇ ದಲಾಲರು ಒಂದ ಮಾತು ಹೇಳೇ ಕಳಿಸಿದ್ರು. "ಸುಗ್ಗ್ಯಾಗ ಒಂದಿನ ಮಂದಿ ಮುಂದ ನಡಸಿ ತೋರಿಸವಾ. ಆವತ್ತ ನಡುವ ನಿಂತು ಹೋತಂದ್ರ ಕೆಲಸ ಹುಬ್ಬಳ್ಳಿಯವ್ರಿಗೆ." ಅವತ್ತಿನಿಂದ ಹುಡುಗಿ ಊಟಕ್ಕ ಕುಂತ್ರೂ ಕಣ್ಣು ಆ ಟೇಬಲ್ ಮ್ಯಾಲೇ.

ಏನ್ ಮಾಡಾಕತ್ತಿಯವಾ ಅಂತ ಒಮ್ಮೆ ಕೇಳಿದೆ. ಅಕಿ ತಿಳಿಸಿ ಹೇಳಿದ್ಲು. ಲ್ಯಾಪ್‌ಟಾಪಿನ್ಯಾಗ ಕಂಟೇನರ್ ಅಂತ ಮಾಡ್ಯಾಳಂತ. ಬಾಯಿ ಮುಚ್ಚಿದ ಪೆಟ್ಟಿಗಿ ಇದ್ದಂಗ. ಅದರಾಗ ಒಂದು ಇಡೀ ಪ್ಯಾಟಿನ ಐತಿ, ರೈತರು, ಪಾಳಿ, ತೂಕ, ಎಲ್ಲಾ. ಒಳಗ ಏನ್ ಕೆಟ್ರೂ ಹೊರಗ ತಾಕಂಗಿಲ್ಲ. ಚಲೋ ನಡೀತಂದಮ್ಯಾಲೆ ಪೆಟ್ಟಿಗಿ ಇದ್ದಂಗ ಒಯ್ದು ಪ್ಯಾಟಿ ಕಂಪ್ಯೂಟರಿನ್ಯಾಗ ಇಟ್ರ, ಇಲ್ಲಿ ಹೆಂಗ ನಡದಿತ್ತೋ ಅಲ್ಲೂ ಹಂಗ ನಡೀತೈತಂತ. ನಾನು ಅದರ ಬೆಳಕು ನೋಡ್ಕೋತ ಕುಂತೆ. ಅಷ್ಟು ತೆಳ್ಳನ ಹಲಗಿ ಒಳಗ ಅಷ್ಟು ಮಂದಿ ಉಸರಾಡದ ಕುಂತಾರ ಅಂದ್ರ ಹೆಂಗೋ ಆತು.

ಆ ಪೆಟ್ಟಿಗಿ ಘಳಿಗಿಗೊಮ್ಮೆ ಕೆಡ್ತಿತ್ತು. ಕೆಟ್ಟಾಗೆಲ್ಲ ಅಕಿ ಅದನ್ನ ಸಾಯಿಸಿ, ಮತ್ತ ಎಬ್ಬಿಸ್ತಿದ್ಲು. ಆ ಕೆಲಸದಾಗ ಹಂಗ ಅಂತಾರಂತ. ಒಂದು ಮಧ್ಯಾಹ್ನ ಬಾಜೂ ಮನಿ ಬೀಬಿ ಮೊಸರಿಗೆ ಹೆಪ್ಪು ಕೇಳಾಕ ಬಂದ್ಲು. ಒಳಗ ಮೊಮ್ಮಗಳು ಗೆಳತಿ ಕೂಡ ಫೋನಿನ್ಯಾಗ ಮೆತ್ತಗ ಮಾತಾಡಾಕತ್ತಿದ್ಲು. "ಎಲ್ಲಾರ್ನೂ ಸಾಯಿಸೇನಿ. ಒಬ್ಬಾಂವ ಸಾಯವಲ್ಲ. ಊಟಾ ಮಾಡಿ ಬಂದು ಅವನ್ನೂ ಸಾಯಿಸ್ತೇನಿ."

ಬೀಬಿ ಬಟ್ಟಲಾ ಹೊಚ್ಚಲದಾಗ ಬಿಟ್ಟು ಹೋದ್ಲು. ಸಂಜಿಗೆ ಹುಲಗೂರು ದರ್ಗಾದಿಂದ ಓದಿಸಿದ ಕರೇ ದಾರಾ ತಗೊಂಡು ಬಂದ್ಲು. ಹುಡುಗಿಗೆ ಏನೋ ಮೆಟ್ಟಿಕೊಂಡೈತಿ, ಕೈಗೆ ಕಟ್ಟು ಅಂದ್ಲು. ನಾ ಎಲ್ಲಾ ತಿಳಿಸಿ ಹೇಳಿದಮ್ಯಾಲೆ ಅಕಿಗೂ ನಗು ಬಂತು. ತಂದ ದಾರಾ ಹೊಳ್ಳಿ ಒಯ್ಯಬಾರದಂತ ಲ್ಯಾಪ್‌ಟಾಪಿಗೇ ಕಟ್ಟಿ ಹೋದ್ಲು. ಸುಳ್ಳ ಯಾಕ ಹೇಳ್ಲಿ, ಅವತ್ತಿನಿಂದ ಅದು ಕೆಡೋದು ಕಡಿಮಿ ಆತು. ಮೊಮ್ಮಗಳು ನಂಬಂಗಿಲ್ಲ ಅಂತಾಳ, ದಾರಾ ಬಿಚ್ಚೂದೂ ಇಲ್ಲ.

ಹೆಸರು ಬೇಕಂತ

ಪೆಟ್ಟಿಗ್ಯಾಗಿನ ಪ್ಯಾಟಿಗೆ ಸುಳ್ಳ ರೈತರು ಬೇಕಿದ್ರು, ನಡಸಿ ನೋಡಾಕ. ಮೊಮ್ಮಗಳು ಓಣ್ಯಾಗಿನವರ ಹೆಸರೆಲ್ಲಾ ಹಾಕಾಕ ಹೊಂಟ್ಲು. ನಾ ಬ್ಯಾಡ ಅಂದೆ.

"ದಿನಾ ಸಾಯಿಸಿ ಎಬ್ಬಿಸೋ ಪೆಟ್ಟಿಗ್ಯಾಗ ಜೀವ ಇದ್ದವ್ರ ಹೆಸರು ಇಡ್ತಾರೇನವಾ?"

"ಮತ್ತ ಯಾರ ಹೆಸರು ಇಡ್ಲಿ, ಆಯಿ?"

ಹಿರ್ಯಾರ ಹಬ್ಬದಾಗ ಎಡಿ ಇಡುವಾಗ ನಮ್ಮ ಮನ್ಯಾಗ ಸತ್ತವರನ್ನ ಹೆಸರು ಹಿಡದು ಕರೀತೇವಿ. ಅವರ ಪರವಾಗಿ ಮನಿ ಮಂದ್ಯಾಗ ಒಬ್ಬರು "ಬಂದಾರ" ಅನ್ನಬೇಕು, ಆಮ್ಯಾಲೇ ಮುಂದಿನವರನ್ನ ಕರಿಯೋದು. ಕರದು ಸುಮ್ಮನ ಬಿಡಬಾರದು, ಬಾಗಲದಾಗ ನಿಂತ ಬಿಡ್ತಾರಂತ. ಆ ಹೆಸರೆಲ್ಲಾ ನನಗ ಬಾಯಿಪಾಠ. ನಾ ಹೇಳ್ಕೋತ ಹೋದೆ, ಅಕಿ ಟೈಪ್ ಹೊಡಕೋತ ಹೋದ್ಲು. ನಮ್ಮ ಮಾವ, ನಮ್ಮತ್ತಿ, ಸಣ್ಣ ಮಾವ. ನಮ್ಮ ಮನಿಯವರ ಹೆಸರು ಬಂದಾಗ ಗ್ವಾಡಿ ಮ್ಯಾಲಿನ ಫೋಟೋಕ್ಕ ಬಟ್ಟು ತೋರಿಸಿದೆ. ಇಷ್ಟು ವರ್ಷ ಬಾಯಾಗ ತಗದಿಲ್ಲ, ಒಂದು ಮಷೀನಿನ ಸಲುವಾಗಿ ತಗೀಲೇನು?

ಸ್ವಲ್ಪ ದಿನ ಆದಮ್ಯಾಲೆ ಮೊಮ್ಮಗಳು ಹಣಿ ಒತ್ತಿಕೊಂಡು ಕುಂತಿದ್ಲು. ಸತ್ತವ್ರ ಹೆಸರು ಸಾಕು ಅಂತ ಎಲ್ಲಾ ಅಳಿಸಿದ್ಲಂತ. ಪೆಟ್ಟಿಗಿ ಮುಚ್ಚಿ ತಗದ್ರ ಮತ್ತ ಎಲ್ಲಾರೂ ಇದ್ದಲ್ಲೇ ಕುಂತಾರ. ಮತ್ತ ಅಳಿಸಿದ್ಲು, ಮತ್ತ ಬಂದ್ರು. ಪೆಟ್ಟಿಗಿ ಎದ್ದಾಗೊಮ್ಮೆ ಈ ಹೆಸರು ತುಂಬು ಅಂತ ಅಕಿನ ಎಲ್ಲೋ ಬರದಿಟ್ಟಿದ್ಲು, ಎಲ್ಲಿ ಅನ್ನೋದು ನೆನಪಾಗವಲ್ದು. ಅಕಿ ಬಟ್ಟಿನಿಂದ ತೋರಿಸಿದ್ಲು. "ನೋಡು ಆಯಿ, ಈಗರ ತಗದೇನಿ, ಈಗ ಹೊಳ್ಳಿ ಬಂತು." ತೋರಿಸಿದ್ದು ನಮ್ಮತ್ತಿ ಹೆಸರು.

ನನಗ ಮೈಮ್ಯಾಲೆ ಮುಳ್ಳು ಎದ್ವು. ಆದ್ರ ಆಶ್ಚರ್ಯ ಏನೂ ಆಗ್ಲಿಲ್ಲ. ಬದುಕಿದ್ದಾಗೂ ಹಂಗ, ಹಾನಗಲ್ಲಿಗೆ ಮಗಳ ಮನಿಗೆ ಅಂತ ಬಸ್ಸಿಗೆ ಹತ್ತಿಸಿ ಬಂದ್ರ, ಸಂಜಿ ಬಸ್ಸಿಗೆ ಹೊಳ್ಳಿ ಬಂದು ನನ್ನ ಸಾರಿನ ರುಚಿ ನೋಡಾಕಿ.

ಮತ್ತೆ ಕರೆಯಲಾಗುವುದು

ಬ್ಯಾಸಗಿ ಮಧ್ಯಾಹ್ನ. ಮೊಮ್ಮಗಳು ಗೆಳತಿದು ಮದವಿ ನಿಶ್ಚಯ ಅಂತ ಸವಣೂರಿಗೆ ಹೋಗಿದ್ಲು. ಸೊಸಿ ಒಲಿ ಮುಂದ, ನಾ ಬಾಗಲದಾಗ. ಓಣ್ಯಾಗ ಒಂದು ನಾಯಿ ಸೈತ ಇರಲಿಲ್ಲ. ನಮ್ಮ ಮನಿಯವ್ರ ಫೋನು ಈಗ ನಾನ ಇಟಗೊಂಡೇನಿ, ಅದು ಬಡಕೊಂತು. ಕಿವಿ ಮಂದ ನೋಡ್ರಿ, ಎಲ್ಲಾರಿಗೂ ಕೇಳೋಹಂಗ ದೊಡ್ಡ ದನಿ ಇಟ್ಟಿರ್ತೇನಿ.

ಒಬ್ಬ ಹೆಣ್ಮಗಳ ದನಿ. ಉಸರ ಇಲ್ಲ, ಏರಿಳಿತ ಇಲ್ಲ. ನಮ್ಮ ಮನಿಯವ್ರ ಹೆಸರು ಹಿಡದು ಕರದ್ಲು. ಆಮ್ಯಾಲೆ ಅಂದ್ಲು, "ನಿಮ್ಮ ಪಾಳಿ ಬಂದಿದೆ. ಕೂಡಲೇ ಬನ್ನಿ."

ಒಲಿ ಮ್ಯಾಲಿನ ರೊಟ್ಟಿ ಸುಡೋ ವಾಸನಿ ಬಂತು. ಸೊಸಿ ಅಲ್ಲಾಡವಲ್ಲಳು. ನಾನ ಹೇಳಿದೆ, "ಅವ್ರಿಲ್ಲವಾ. ಹೋಗಿ ಭಾಳ ದಿನಾ ಆತು."

"ನೀವು ಬಾರದಿದ್ದರೆ ಮತ್ತೆ ಕರೆಯಲಾಗುವುದು."

"ಬ್ಯಾಡವಾ, ಕರಿಬ್ಯಾಡ. ಬಂದ್ರ ಮೊದಲ ಚಾ ಕೇಳ್ತಾರ, ಮನ್ಯಾಗ ಹಾಲಿಲ್ಲ."

ಅಕಿ ಕೇಳಬೇಕಲ್ಲ. ತಿರುಗಿ ತಿರುಗಿ ಕರದ್ಲು. ಸೊಸಿ ಪಡಸಾಲಿ ನೋಡಿದ್ಲು. ಅಲ್ಲಿ ಯಾರೂ ಇಲ್ಲದ ಟೇಬಲ್ ಮ್ಯಾಲೆ ಲ್ಯಾಪ್‌ಟಾಪು ತಂತಾನ ಎಚ್ಚರ ಆಗಿ ಮಿಣಿಮಿಣಿ ಅನ್ನಾಕತ್ತಿತ್ತು, ಕರೇ ದಾರಾ ಕಟಗೊಂಡು. ಸೊಸಿ ಕ್ವಾಳಿ ಮುಚ್ಚೋ ಬುಟ್ಟಿ ತಂದು ಅದರ ಮ್ಯಾಲೆ ಡಬ್ಬ ಹಾಕಿ, ಬುಟ್ಟಿ ಮ್ಯಾಲೆ ರುಬ್ಬೋ ಒಳ್ಳಿನ ಗುಂಡು ಇಟ್ಲು. ಬುಟ್ಟಿ ಸಂದ್ಯಾಗಿಂದ ಬೆಳಕು ಬರೋದು ನಿಲ್ಲಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಮೊಮ್ಮಗಳು ಬಂದ್ಲು, ಬುಟ್ಟಿ ಎತ್ತಿ ನೋಡಿ ತಲಿ ಹಿಡಕೊಂಡ್ಲು. ಸತ್ತವರ ಹೆಸರಿನ ಮುಂದ ಮಂದಿ ನಂಬರ್ ಹಾಕಬಾರದಂತ ಮನ್ಯಾಗಿನ ಈ ಫೋನಿನ ನಂಬರ್ ಹಾಕಿದ್ಲು. ಪೆಟ್ಟಿಗಿ ಒಳಗ ಫೋನೂ ಸುಳ್ಳ ಫೋನೇ. ಆದ್ರ ಖರೇ ಫೋನ್ ಹೋಗ್ತೈತೋ ಇಲ್ಲೋ ಅಂತ ಒಮ್ಮೆ ನೋಡಾಕ ಪೆಟ್ಟಿಗಿಗೆ ಒಂದು ಕಿಟಕಿ ತಗದಾಕಿ, ಮುಚ್ಚೋದು ಮರತಿದ್ಲು.

ಪೆಟ್ಟಿಗಿ ಕಿಟಕಿ ಅಕಿ ಮುಚ್ಚಿದ್ಲು. ಮನಿ ಕಿಟಕಿ ಒಂದೂ ಬಿಡದ ನಮ್ಮ ಸೊಸಿ ಮುಚ್ಚಿದ್ಲು. ಆ ಬ್ಯಾಸಗಿ ನಾವು ಕುದ್ದ ಹೋದ್ವಿ.

ಪ್ಯಾಟ್ಯಾಗಿನ ಪಾಳಿ

ಸುಗ್ಗಿ ಬಂತು. ತೋರಿಸೋ ದಿನಾ ನನ್ನೂ ಕರಕೊಂಡು ಹೋದ್ಲು. ಮುಂಜಾನೆ ಮಂಜು ಇನ್ನೂ ಕರಗಿದ್ದಿಲ್ಲ, ಟ್ರ್ಯಾಕ್ಟರು ನೆಳ್ಳಿನಂಗ ಕಾಣ್ತಿದ್ವು. ಮನ್ಯಾಗಿಂದ ಹೊರಡೋ ಮೊದಲ ಹಿರ್ಯಾರನೆಲ್ಲಾ ಅಳಿಸೇನಿ ಆಯಿ ಅಂದಿದ್ಲು. ಪ್ಯಾಟಿ ಕಂಪ್ಯೂಟರಿನ್ಯಾಗ ಪೆಟ್ಟಿಗಿ ಇಟ್ಟು ಅದರ ಬಾಯಿ ತಗದ್ಲು. ಹಂಗ ಮುಚ್ಚಿ ತಗದದ್ದೇ ತಪ್ಪಾತು ಅನ್ನೋದು ಇಬ್ಬರಿಗೂ ಹೊಳೀಲಿಲ್ಲ.

ಮೊದಲ ತಡಸದ ರೈತನ ಹೆಸರು ಕೂಗಿತು. ಅಂವ ಬಂದಾ, ಚೀಲ ಕಾಟಾದ ಮ್ಯಾಲೆ ಇಟ್ಟಾ, ತೂಕ ತಂತಾನ ಕಂಪ್ಯೂಟರಿಗೆ ಹೋತು, ಮುಂದಿನ ಹೆಸರು ಬಂತು. ದಲಾಲರು ಒಬ್ಬರ ಮಾರಿ ಒಬ್ಬರು ನೋಡಿ ತಲಿ ಅಲ್ಲಾಡಿಸಿದ್ರು. ಮೊಮ್ಮಗಳ ಮಾರಿ ಮ್ಯಾಲೆ ಅವತ್ತ ಮೊದಲ ಸಲ ಕಳಾ ಬಂತು.

ಆಮ್ಯಾಲೆ ಸ್ಪೀಕರು ನಮ್ಮ ಮನಿಯವ್ರ ಹೆಸರು ಕೂಗಿತು.

ಹೊಸಬರಿಗೆ ಗೊತ್ತಾಗ್ಲಿಲ್ಲ. ಹಳಬರೆಲ್ಲಾ ಬೀಡಿ ಕೆಳಗ ಇಳಿಸಿದ್ರು. ಮಂಜಿನ್ಯಾಗಿಂದ ಯಾರರ ಬರ್ತಾರೇನು ಅಂತ ಎಲ್ಲಾರೂ ಗೇಟಿನ ಕಡೆ ನೋಡಿದ್ರು. ನಾನೂ ನೋಡಿದೆ. ಮತ್ತ ಕೂಗಿತು, ಅದ ಉಸರಿಲ್ಲದ ದನಿ. ಕಾಟಾದ ಮ್ಯಾಲೆ ತೂಕ ಬೀಳದ ಅದು ಮುಂದಿನವರನ್ನ ಕರಿಯಂಗಿಲ್ಲ, ಮೊಮ್ಮಗಳು ಹಂಗ ಮಾಡಿಟ್ಟಿದ್ಲು. ಅಕಿ ಕೈ ಕೀಬೋರ್ಡಿನ ಮ್ಯಾಲೇ ನಿಂತ ಬಿಟ್ವು. ಹಿರೇ ದಲಾಲರು ಕೇಳೇಬಿಟ್ರು, "ನಿಂತು ಹೋತೇನವಾ?"

ಕರದವ್ರನ್ನ ಸುಮ್ಮನ ಬಿಡಬಾರದಲ್ಲ. ನಾ ಸೆರಗು ಹೊತಗೊಂಡು ಹೋಗಿ ಕಾಟಾ ಹತ್ತಿ ನಿಂತೆ.

"ಬಂದಾರ," ಅಂದೆ.

ಮಷೀನು ನನ್ನ ತೂಕ ತಗೊಂಡು, ನಾ ಇಳಿಯೋದನ್ನ ಕಾಯ್ಕೋತ ಸುಮ್ಮನಾತು. ನಾ ಅದರ ಮ್ಯಾಲೆ ನಿಂತಷ್ಟೊತ್ತಿನ್ಯಾಗ ಮೊಮ್ಮಗಳಿಗೆ ಜೀವ ಬಂದು, ಪೆಟ್ಟಿಗಿ ಮುಚ್ಚದನ ಉಳಿದ ಹಿರ್ಯಾರನ್ನ ಒಬ್ಬೊಬ್ಬರನ್ನ ಹುಡುಕಿ ತಗದ್ಲು. ಚಲೋ ಮಾಡಿದ್ಲು. ನಮ್ಮತ್ತಿ ಪರವಾಗಿ ಅಂದ್ರ ನಾ ಹತ್ತತಿದ್ದಿಲ್ಲ.

ಆಗ ಹಿರೇಕೆರೂರು ಕಡೆಯ ಒಬ್ಬ ಮುದುಕ ಎದ್ದ. ಪಾಳಿ ಸಲುವಾಗಿ ನಮ್ಮ ಮನಿಯವ್ರ ಕೂಡ ಪ್ರತಿ ಸುಗ್ಗ್ಯಾಗ ಕೊಳ್ಳಪಟ್ಟಿ ಹಿಡದಾಂವ. ನಮ್ಮವ್ರೇನು ಕಡಿಮಿ ಇದ್ದಿಲ್ಲ, ಎಲ್ಲಾರ್ನೂ ದಾಟಿ ಗಾಡಿ ಮುಂದ ಹೊಡೆಯೋದೇ ಅವರ ರೂಢಿ. ಇಂವ ಯಾವಾಗಲೂ ಅವರ ಹಿಂದ. ಮುದುಕ ರುಮಾಲು ಸರಿ ಮಾಡ್ಕೊಂಡು ದಲಾಲರಿಗೆ ಹೇಳಿದ, "ಆ ಮನಶ್ಯಾ ಬದುಕಿದ್ದಾಗ ಒಂದಿನಾ ಪಾಳಿಯೊಳಗ ನಿಂತಾಂವಲ್ಲ. ಇವತ್ತ ನಿಂತು, ಕರಿಯೋ ತನಕ ಕಾದಾನ. ಸತ್ತಾಂವನ್ನ ಪಾಳಿಗೆ ನಿಲ್ಲಿಸಿದ ಮಷೀನು, ಬದುಕಿದ್ದವ್ರನ್ನ ನಿಲ್ಲಸಂಗಿಲ್ಲೇನ್ರಿ? ಹುಬ್ಬಳ್ಳಿಯವ್ರು ಯಾಕ ಬೇಕು, ಈ ಹುಡುಗಿದ ಇರ್ಲಿ."

ಪ್ಯಾಟಿಗೆ ಪ್ಯಾಟಿನ ನಕ್ಕಿತು. ಹಿರೇ ದಲಾಲರು ನಕ್ಕೋತ ಮೊಮ್ಮಗಳಿಗೆ ಕೈ ಮಾಡಿದ್ರು, ಆತವಾ, ನಿಂದ ಕೆಲಸ, ಮುಂದ ನಡಸು ಅಂತ. ಅಕಿ ಕಣ್ಣು ಒರಸ್ಕೊಂಡು ನಡಸಿದ್ಲು.

ನಾ ಕಾಟಾ ಇಳದದ್ದೇ ಸ್ಪೀಕರು ಮುಂದಿನ ಹೆಸರು ಕೂಗಿತು. ನಮ್ಮ ಮನಿಯವ್ರ ಬೆನ್ನಿಗೇ, ಅದ ಮುದುಕನ ಹೆಸರು. ನಿಮ್ಮ ಪಾಳಿ ಬಂದಿದೆ, ಕೂಡಲೇ ಬನ್ನಿ ಅಂತು.

ಮುದುಕ ಗೇಟಿನ ಕಡೆ ನೋಡಿದ, ಮಂಜು ನೋಡಿದ, ಮೆಲ್ಲಕ ತನ್ನ ಚೀಲದ ಮ್ಯಾಲೆ ಹೊಳ್ಳಿ ಕುಂತ.

"ತಂಗಿ," ಅಂದ, "ಇಷ್ಟು ವರ್ಷ ಅವನ ಹಿಂದ ನಿಂತು ಜಗಳಾಡೇನಿ ಖರೆ. ಇವತ್ತೊಂದಿನ ನಡುವ ಯಾರ್ನರ ಬಿಡವಾ. ನನಗೇನ್ ಅವಸರಿಲ್ಲ."