ಎಂಬಿಎ ಸೀಟಿಗೊಂದು ಹಲ್ಲು

ಎಲ್ಲದಕ್ಕೂ ಕಾರಣ ಒಂದು ಸುಳ್ಳು. ಅದೂ ಅವನ ಸ್ವಂತದ್ದಲ್ಲ, ಹೆಂಡತಿಯ ಅಣ್ಣ ದಾನ ಮಾಡಿದ್ದು.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಫ್ರಿಜ್ಜು, ವಾಷಿಂಗ್ ಮಷೀನುಗಳನ್ನು ಪೇರಿಸಿಡುವ ಆ ದೊಡ್ಡ ಗೋದಾಮಿನಲ್ಲಿ ಮ್ಯಾನೇಜರು ಏನು ಹೇಳಿದರೂ ‘ಆಯ್ತು ಸಾರ್’ ಅಂದೂ ಅಂದೂ, ಕೊನೆಗೆ ಲೋಡರುಗಳು, ಲಾರಿ ಡ್ರೈವರುಗಳು ಎಲ್ಲರ ಬಾಯಲ್ಲೂ ಅವನು ಆಯ್ತುಸಾರ್ ಆಗಿಬಿಟ್ಟಿದ್ದ. ಮಾಲು ಕಳಿಸುವ ವಿಭಾಗ ಪೂರ್ತಿ ಅವನ ಮೇಲಿತ್ತು. ದುಡಿಯುವ ಕೈ ಅವನದು, ಶಹಭಾಸ್ ಎಂದು ತಟ್ಟಿಸಿಕೊಳ್ಳುವ ಬೆನ್ನು ಮಾತ್ರ ಮ್ಯಾನೇಜರದು.

ಹೀಗಿರುವಾಗ ಹೆಡ್ಡಾಫೀಸಿನಿಂದ ಹೊಸ ನಿಯಮ ಬಂತು. ಇನ್ನು ಮುಂದೆ ಮೇಲಿನ ಹುದ್ದೆ ಬೇಕಾದವರು ಎಂಬಿಎ ಮಾಡಿರಬೇಕು, ಇಲ್ಲವೇ ಮಾಡುತ್ತಿರಬೇಕು. ನಲವತ್ತರ ಹೊಸ್ತಿಲಲ್ಲಿದ್ದ ಆಯ್ತುಸಾರ್ ಲೆಕ್ಕ ಹಾಕಿದ. ಸೀಟು ಸಿಕ್ಕರೆ ಬೇರೆ ಊರಿನ ಗೋದಾಮಿಗೆ ತಾನೇ ಮ್ಯಾನೇಜರಾಗಿ ಹೋಗಬಹುದು. ಸಿಗದಿದ್ದರೆ ರಿಟೈರಾಗುವ ತನಕ ಇದೇ ಮಹಾನುಭಾವರ ಕೈಕೆಳಗೆ ಕೊಳೆಯಬೇಕು. ಕೆಲಸದಲ್ಲಿರುವವರಿಗೆಂದೇ ಶನಿವಾರ, ಭಾನುವಾರ ಪಾಠ ಮಾಡುವ ಬಿಸಿನೆಸ್ ಸ್ಕೂಲೊಂದಕ್ಕೆ ಗುಟ್ಟಾಗಿ ಅರ್ಜಿ ಹಾಕಿದ. ಪ್ರವೇಶ ಪರೀಕ್ಷೆಯನ್ನು ಹೇಗೋ ದಾಟಿದ. ಇಂಟರ್‌ವ್ಯೂ ಇವತ್ತು ಮಧ್ಯಾಹ್ನ ಮೂರಕ್ಕೆ.

ಗುಟ್ಟು ಎಂದರೆ ಆಫೀಸಿನ ಮಟ್ಟಿಗೆ ಗುಟ್ಟು. ಮನೆಯಿಂದ ಮಹಡಿಯ ತನಕ ಅದು ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಅವನು ಮುಖ ತೊಳೆದು ಬರುವಷ್ಟರಲ್ಲಿ ಉಪದೇಶ ಮಾಡುವವರು ಕುರ್ಚಿ ಎಳೆದುಕೊಂಡು ಕೂತಾಗಿತ್ತು.

“ನೋಡಪ್ಪಾ,” ಎಂದರು ಮಹಡಿಮನೆಯ ನಿವೃತ್ತ ಹೆಡ್‌ಮಾಸ್ತರು. “ಪುಸ್ತಕದಲ್ಲಿರೋದನ್ನ ಅಲ್ಲಿ ಹೇಳ್ಬೇಡ. ಆ ಪುಸ್ತಕಾನ ಅವರೂ ಓದಿರ್ತಾರೆ. ನಿನ್ನ ಕೆಲಸದಲ್ಲಿ ನಡೆದಿದ್ದು ಒಂದೇ ಒಂದು ಘಟನೆ ಹೇಳು. ಮನೆ ಕಿತ್ಕೋಬಹುದು, ಮಠ ಕಿತ್ಕೋಬಹುದು, ಅನುಭವ ಯಾರೂ ಕಿತ್ಕೊಳ್ಳೋಕಾಗಲ್ಲ.”

“ಅದೆಲ್ಲ ಆಮೇಲೆ. ಮೊದಲು ಆಫೀಸಿಂದ ಹೊರಗೆ ಬರೋದು ಹೇಗೆ ಅಂತ ಹೇಳಿ,” ಎಂದ ಭಾವ. ಅವನು ಈ ಎಂಬಿಎ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಮಕಾಡೆ ಮಲಗಿದವನು. ಹಾಗಾಗಿ ಮನೆಯಲ್ಲಿ ಈ ವಿಷಯಕ್ಕೆ ಅವನೇ ಪಂಡಿತ. “ಬಾಸ್‌ಗೆ ಮಾತ್ರ ಹೇಳ್ಬೇಡ. ಹೇಳಿದ್ಯೋ, ಇವನು ಕೆಲಸ ಬಿಡೋನು ಅಂತ ಬರೆದಿಟ್ಕೋತಾರೆ. ಹಲ್ಲುನೋವು ಅನ್ನು. ಜ್ವರ ಅಂದ್ರೆ ಹಣೆ ಮುಟ್ಟಿ ನೋಡ್ತಾರೆ. ಹೊಟ್ಟೆನೋವು ಅಂದ್ರೆ ಮಾತ್ರೆ ಕೊಟ್ಟು ಕೂರಿಸ್ತಾರೆ. ಹಲ್ಲುನೋವಿಗೆ ಸಾಕ್ಷಿ ಇಲ್ಲ ನೋಡು.”

ಅಡುಗೆಮನೆಯಿಂದ ಹೆಂಡತಿ ಇಣುಕಿದಳು. “ರೀ, ನಿಜ ಹೇಳಿ ಅರ್ಧ ದಿನ ರಜೆ ಕೇಳಿದ್ರೆ ಆಗಲ್ವಾ? ಅವರೇನು ನಿಮ್ಮನ್ನ ನುಂಗಿಬಿಡ್ತಾರಾ?”

“ನೀನು ಸುಮ್ನಿರಮ್ಮ, ನಿನಗೆ ಆಫೀಸು ರಾಜಕೀಯ ಅರ್ಥ ಆಗಲ್ಲ,” ಎಂದ ಭಾವ. ಅವನಿಗೆ ಇದ್ದದ್ದು ಒಂದು ಪೆನ್ನು, ಪೇಪರಿನ ಅಂಗಡಿ. ಅಲ್ಲಿ ಆಫೀಸೂ ಅವನೇ, ರಾಜಕೀಯವೂ ಅವನೇ.

ಆಯ್ತುಸಾರ್ ಎಲ್ಲರಿಗೂ ಆಯ್ತು ಎಂದ.

ಹನ್ನೆರಡೂವರೆಯ ಹೊತ್ತಿಗೆ ಕೆನ್ನೆಗೆ ಕೈ ಕೊಟ್ಟುಕೊಂಡು ಮ್ಯಾನೇಜರ ಕೋಣೆಗೆ ಹೋದ. ಯಾವತ್ತೂ ತೋಳು ಮಡಚಿದ ಅಂಗಿಯಲ್ಲಿ ಇರುವ ಮ್ಯಾನೇಜರು ಇವತ್ತು ನೀಲಿ ಕೋಟು ಹಾಕಿಕೊಂಡು, ಪೆನ್ನು ಕಚ್ಚುತ್ತ ಕಿಟಕಿ ನೋಡುತ್ತಿದ್ದರು.

“ಸಾರ್, ಹಲ್ಲುನೋವು. ಮಧ್ಯಾಹ್ನ ರಜೆ...”

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತವನಿಗೆ ಆಶ್ಚರ್ಯ ಕಾದಿತ್ತು. ಮ್ಯಾನೇಜರು ಹೆತ್ತತಾಯಿಯ ಹಾಗೆ ಕುರ್ಚಿ ಬಿಟ್ಟು ಎದ್ದರು. “ಅಯ್ಯೋ ಪಾಪ! ಹಲ್ಲುನೋವಾ? ನಡಿ, ನಾನೇ ಕರ್ಕೊಂಡು ಹೋಗ್ತೀನಿ. ನಮ್ಮಕ್ಕನ ಮಗ ಹಲ್ಲಿನ ಡಾಕ್ಟ್ರು, ಹೊಸದಾಗಿ ಕ್ಲಿನಿಕ್ ಇಟ್ಟಿದ್ದಾನೆ.”

“ನೀವ್ಯಾಕೆ ಸಾರ್ ತೊಂದ್ರೆ ತಗೋತೀರಿ, ನಾನೇ ಬಸ್ಸಲ್ಲಿ...”

“ಮಾತಾಡ್ಬೇಡ! ಕೈಕೆಳಗಿನವರ ಕಷ್ಟಕ್ಕಾಗದ ಮ್ಯಾನೇಜರು ಯಾಕಿರ್ಬೇಕು?” ಇದನ್ನು ಅವರು ಇಡೀ ಆಫೀಸಿಗೆ ಕೇಳುವ ಹಾಗೆ ಹೇಳಿದರು. ಹೊರಡುವಾಗ ಅಕೌಂಟೆಂಟಿಗೆ, “ನಾನು ಇವತ್ತು ವಾಪಸ್ ಬರೋದು ಅನುಮಾನ. ಹೆಡ್ಡಾಫೀಸಿಂದ ಫೋನ್ ಬಂದ್ರೆ, ಹುಷಾರಿಲ್ಲದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ ಅನ್ನಿ,” ಎಂದರು.

ಆಯ್ತುಸಾರ್ ಅಭ್ಯಾಸಬಲದಿಂದ “ಆಯ್ತು ಸಾರ್” ಎಂದ. ಆ ಕ್ಷಣದಲ್ಲಿ ಒಂದು ‘ಬೇಡ’ ಅಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಕಾರು ರಸ್ತೆಗೆ ಇಳಿದ ಮೇಲೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. “ಅಂದಹಾಗೆ, ಆ ಹಿಂಬಾಗಿಲ ಬೀಗದ ವಿಷಯ ಇದೆಯಲ್ಲ, ಅದನ್ನ ಸ್ವಲ್ಪ ವಿವರವಾಗಿ ಹೇಳು ನೋಡೋಣ.”

ಬೀಗದ ವಿಷಯ ಇಷ್ಟು. ಹೋದ ವರ್ಷ ಒಂದು ಮಧ್ಯಾಹ್ನ ಗೋದಾಮಿನ ಗೇಟಿನಲ್ಲೇ ಲಾರಿಯೊಂದು ಕೆಟ್ಟು ಅಡ್ಡ ನಿಂತಿತು. ಒಳಗೆ ಆಸ್ಪತ್ರೆಗಳಿಗೆ ಅವತ್ತೇ ತಲುಪಬೇಕಾದ ಔಷಧಿ ಫ್ರಿಜ್ಜುಗಳು ತುಂಬಿದ ಲಾರಿಗಳು ಸಿಕ್ಕಿಕೊಂಡವು. ಡ್ರೈವರುಗಳು ಕೈಕೈ ಮಿಲಾಯಿಸುವ ತನಕ ಹೋದರು. ಮ್ಯಾನೇಜರು ಕೋಣೆಯ ಬಾಗಿಲು ಹಾಕಿಕೊಂಡು ಫೋನು ಹಿಡಿದವರು ಹೊರಗೆ ಬರಲೇ ಇಲ್ಲ. ಆಗ ಆಯ್ತುಸಾರ್ ಜೀವನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ ಸುತ್ತಿಗೆ ತಂದು, ಕೀಲಿ ಕಳೆದುಹೋಗಿದ್ದ ಹಿಂಬಾಗಿಲ ತುಕ್ಕುಬೀಗ ಒಡೆದ. ಡ್ರೈವರುಗಳನ್ನು ಸಮಾಧಾನ ಮಾಡಿ, ಒಂದೊಂದೇ ಲಾರಿಯನ್ನು ಹಿಂದಕ್ಕೆ ತೆಗೆಸಿ, ಸಂಜೆಯೊಳಗೆ ಎಲ್ಲ ಮಾಲನ್ನೂ ದಾಟಿಸಿದ. ಅದಕ್ಕೆ ಅವನಿಗೆ ಸಿಕ್ಕ ಬಹುಮಾನ, ಕಂಪನಿಯ ಬೀಗ ಒಡೆದದ್ದಕ್ಕೆ ಒಂದು ಮೆಮೊ.

“ಸಾರ್, ಅದಕ್ಕೆ ಮೆಮೊ ಕೊಟ್ಟು ಆಗಿದೆಯಲ್ಲ ಸಾರ್?”

“ಹೆದರ್ಬೇಡ, ಹೇಳಯ್ಯಾ. ಒಡೆಯೋ ಮುಂಚೆ ಮನಸ್ಸಲ್ಲಿ ಏನು ಬಂತು? ಡ್ರೈವರುಗಳು ನಿನ್ನ ಮಾತು ಯಾಕೆ ಕೇಳಿದ್ರು? ಅದರಿಂದ ನೀನು ಏನು ಕಲಿತೆ?”

ಇಷ್ಟು ದಿನದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಆಯ್ತುಸಾರ್‌ಗೆ ಹೃದಯ ತುಂಬಿ ಬಂತು. ಮೇಲಾಗಿ ಮಧ್ಯಾಹ್ನ ತಾನು ಹೇಳಬೇಕೆಂದಿದ್ದದ್ದೂ ಇದೇ ಕತೆ, ಒಂದು ಸಲ ಅಭ್ಯಾಸವೂ ಆದಂತಾಯಿತು ಎಂದುಕೊಂಡು ಕೆನ್ನೆಯ ಮೇಲಿನ ಕೈ ತೆಗೆದು, ಸುತ್ತಿಗೆಯ ತೂಕದಿಂದ ಹಿಡಿದು ಕೊನೆಯ ಲಾರಿಯ ತನಕ ಎಲ್ಲವನ್ನೂ ಬಣ್ಣಿಸಿದ. ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೆಲ್ಲ ಮ್ಯಾನೇಜರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಪಾಪ, ದೇವರ ಧ್ಯಾನವಿರಬೇಕು ಎಂದುಕೊಂಡ.

ಕ್ಲಿನಿಕ್ಕಿನಲ್ಲಿ ಒಂದು ಮೀನಿನ ತೊಟ್ಟಿ ಬಿಟ್ಟರೆ ಬೇರೆ ಜೀವ ಇರಲಿಲ್ಲ. ಡಾಕ್ಟರು ಸೋದರಮಾವನನ್ನು ನೋಡಿ ನಕ್ಕ, ಹಿಂದೆ ಪೇಷಂಟನ್ನು ನೋಡಿ ಇನ್ನೂ ಜಾಸ್ತಿ ನಕ್ಕ.

“ಈಗ ನೋವು ಕಮ್ಮಿ ಆಗಿದೆ, ನಿಜವಾಗ್ಲೂ,” ಎಂದ ಆಯ್ತುಸಾರ್.

“ಡಾಕ್ಟ್ರ ಮುಖ ನೋಡಿದ್ರೆ ಎಲ್ಲರಿಗೂ ಹಾಗೇ. ಕೂತ್ಕೊಳ್ಳಿ. ಯಾವ ಹಲ್ಲು?”

ಯಾವ ಹಲ್ಲು! ಭಾವ ಅದನ್ನು ಹೇಳಿಕೊಟ್ಟಿರಲಿಲ್ಲ. ಕೈಗೆ ಸಿಕ್ಕ ಒಂದು ದವಡೆ ಹಲ್ಲನ್ನು ಮುಟ್ಟಿ ತೋರಿಸಿದ. ಡಾಕ್ಟರು ಕಡ್ಡಿಯಿಂದ ಬಡಿದ. ಏನೂ ಆಗಲಿಲ್ಲ. ಆದರೆ ಮೇಲೆ ಮ್ಯಾನೇಜರ ಮುಖ ಚಂದ್ರನ ಹಾಗೆ ಬಾಗಿ ನೋಡುತ್ತಿತ್ತು. “ಅಮ್ಮಾ!” ಎಂದು ಕಿರುಚಿದ.

“ಹೊರಗೆ ನೋಡಿದ್ರೆ ಕಲ್ಲಿನ ಹಾಗಿದೆ,” ಎಂದು ಡಾಕ್ಟರು ತಲೆ ಕೆರೆದುಕೊಂಡ. “ಹಾಗಾದ್ರೆ ಒಳಗೇ ಕೆಟ್ಟಿರ್ಬೇಕು. ಬೇರು ಕ್ಲೀನ್ ಮಾಡಿ ಹಲ್ಲು ಉಳಿಸ್ಬಹುದು, ಆದ್ರೆ ಎರಡು ಗಂಟೆ ಕೂರ್ಬೇಕು. ಕಿತ್ತರೆ ಕಾಲು ಗಂಟೆ.”

ಆಯ್ತುಸಾರ್ ಗೋಡೆಯ ಗಡಿಯಾರ ನೋಡಿದ. ಒಂದೂವರೆ ದಾಟಿತ್ತು. ಮ್ಯಾನೇಜರೂ ಅದೇ ಗಡಿಯಾರ ನೋಡಿದರು.

“ಕಿತ್ತುಬಿಡಿ,” ಎಂದ ಅವನು. “ಕಿತ್ತುಬಿಡೋ,” ಎಂದರು ಅವರು. ಎರಡೂ ಒಟ್ಟಿಗೇ ಬಂತು.

ಯಾವ ತಪ್ಪೂ ಮಾಡದ ಗಟ್ಟಿ ಹಲ್ಲು ಅದು, ಅಷ್ಟು ಸುಲಭಕ್ಕೆ ಬರುತ್ತದೆಯೇ? ದವಡೆ ಮರಗಟ್ಟುವ ಹಾಗೆ ಎರಡು ಸಲ ಸೂಜಿ ಚುಚ್ಚಿದ ಡಾಕ್ಟರು ಬೆವತ, ಕೋಟು ಬಿಚ್ಚಿಟ್ಟ, ಕುರ್ಚಿಗೆ ಕಾಲು ಒದ್ದು ಎಳೆದ. ಮ್ಯಾನೇಜರು ಭುಜ ಒತ್ತಿ ಹಿಡಿದು “ಧೈರ್ಯ, ಧೈರ್ಯ, ನಾನಿದೀನಲ್ಲ” ಎನ್ನುತ್ತಿದ್ದರು. ಹಲ್ಲು ಬಂದಾಗ ಮೂವರೂ ಏದುಸಿರು ಬಿಡುತ್ತಿದ್ದರು. “ಹತ್ತಿ ಕಚ್ಕೊಂಡಿರಿ. ಸಂಜೆ ತನಕ ಮಾತು ಬೇಡ,” ಎಂದ ಡಾಕ್ಟರು.

ಬಾಗಿಲಲ್ಲಿ ಮ್ಯಾನೇಜರು ಬೆನ್ನು ತಟ್ಟಿದರು. “ಸೀದಾ ಮನೆಗೆ ಹೋಗಿ ಮಲ್ಕೋ. ನನಗೆ ಒಬ್ಬ ಗಿರಾಕಿನ ನೋಡೋದಿದೆ.”

“ಆಯ್ಚು ಚಾರ್,” ಎಂದ. ಕಣ್ಣಲ್ಲಿ ನೀರು ಬಂತು, ಅರ್ಧ ನೋವಿಗೆ, ಅರ್ಧ ಇಂಥ ದೇವರಂಥ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲಾ ಎಂಬ ನಾಚಿಕೆಗೆ.

ಬಸ್ಸು ಹಿಡಿದು ಬಿಸಿನೆಸ್ ಸ್ಕೂಲು ತಲುಪುವಾಗ ಅವನ ಬಲಗೆನ್ನೆ ಬೇರೆ ಯಾರದೋ ಆಗಿತ್ತು. ಮುಟ್ಟಿದರೆ ತಿಳಿಯದು, ನಕ್ಕರೆ ಒಂದೇ ಕಡೆ ನಗು. ತನ್ನ ಸರದಿ ಬರುವ ತನಕ ಮೂಲೆಯ ನಲ್ಲಿಯ ಹತ್ತಿರವೇ ಎಲ್ಲರಿಗೂ ಬೆನ್ನು ಹಾಕಿ, ರಕ್ತ ಉಗಿಯುತ್ತ ನಿಂತಿದ್ದ. ಕರೆದಾಗ ಹತ್ತಿಯನ್ನು ಕರವಸ್ತ್ರಕ್ಕೆ ದಾಟಿಸಿ ಒಳಗೆ ಹೋದ.

ಮೇಜಿನ ಆಚೆ ಇಬ್ಬರು ಕೂತಿದ್ದರು, ನರೆಗೂದಲಿನ ಒಬ್ಬ ಮೇಡಂ, ಒಬ್ಬ ಕನ್ನಡಕದ ಪ್ರೊಫೆಸರು. ಮೇಡಂ ನಗುತ್ತ ಕೇಳಿದರು. “ಪುಸ್ತಕದ ಪ್ರಶ್ನೆ ಕೇಳಲ್ಲ. ನಿಮ್ಮ ಕೆಲಸದಲ್ಲಿ ನೀವು ಮುಂದೆ ನಿಂತು ಕಷ್ಟ ಬಗೆಹರಿಸಿದ ಒಂದು ಘಟನೆ ಹೇಳಿ.”

ಅದೇ ಪ್ರಶ್ನೆ! ಹೆಡ್‌ಮಾಸ್ತರ ಬಾಯಿಗೆ ಸಕ್ಕರೆ ಹಾಕಬೇಕು. ಆದರೆ ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿರಲಿಲ್ಲ. “ಗೋಗಾವಿನ ಗೇಚಲ್ಲಿ ಲಾಯಿ ಕೆಚ್ಚು...” ಎಂದು ಶುರುಮಾಡಿದ. ನಾಲಿಗೆ ದಿಂಬಿನ ಹಾಗೆ ಬಿದ್ದುಕೊಂಡಿತ್ತು. ಬಾಯಿ ಕೈಕೊಟ್ಟ ಮೇಲೆ ಕೈಯನ್ನೇ ನಂಬಿದ. ಎದ್ದು ನಿಂತು, ಇಲ್ಲದ ಸುತ್ತಿಗೆ ಎತ್ತಿ, ಇಲ್ಲದ ಬೀಗವನ್ನು ಫಡಾರನೆ ಒಡೆದ.

ಇಬ್ಬರೂ ಮುಖ ಮುಖ ನೋಡಿಕೊಂಡರು.

“ಹಿಂಬಾಗಿಲ ಬೀಗವಾ?” ಎಂದರು ಮೇಡಂ.

ಅವನು ಜೋರಾಗಿ ತಲೆ ಆಡಿಸಿದ.

“ಔಷಧಿ ಫ್ರಿಜ್ಜು?”

“ಔಗು! ಔಗು!” ತನ್ನ ಕೀರ್ತಿ ಇಲ್ಲಿಯ ತನಕ ಬಂದಿದೆಯಲ್ಲಾ ಎಂದು ಅವನಿಗೆ ರೋಮಾಂಚನವಾಯಿತು.

“ಈ ಘಟನೆ ಈಗ ತಾನೇ ಕೇಳಿದ್ವಿ,” ಎಂದರು ಮೇಡಂ, ದನಿ ತಣ್ಣಗಾಗಿತ್ತು. “ನೀಲಿ ಕೋಟಿನವರು, ನಿಮ್ಮ ಮ್ಯಾನೇಜರೇ ಇರ್ಬೇಕು. ಎಷ್ಟು ಚೆನ್ನಾಗಿ ಹೇಳಿದ್ರು! ಏನು ಕಲಿತೆ ಅನ್ನೋದನ್ನೂ ಸೇರಿಸಿ ಹೇಳಿದ್ರು.”

ಕೋಟು, ಗಡಿಯಾರ, ಗಿರಾಕಿ, ಸಿಗ್ನಲ್ಲಿನ ಧ್ಯಾನ, ಎಲ್ಲವೂ ಒಟ್ಟಿಗೆ ಆಯ್ತುಸಾರ್‌ನ ತಲೆಗೆ ಹೊಡೆಯಿತು. “ಅಗು ನಾನು!” ಎಂದು ಎದೆ ಬಡಿದುಕೊಂಡ. “ಬೀಗ ಒಗೆಗಗ್ಗು ನಾನು!”

“ಅದನ್ನೂ ಅವರು ಮುಚ್ಚಿಡಲಿಲ್ಲ. ಸುತ್ತಿಗೆ ಹಿಡಿದ ಕೈ ಇನ್ನೊಬ್ಬನದು, ಅವನು ಗಡಗಡ ನಡುಗ್ತಿದ್ದ, ಧೈರ್ಯ ತುಂಬಿದ್ದು ಮಾತ್ರ ನಾನು ಅಂದ್ರು.”

ಪ್ರೊಫೆಸರು ಕನ್ನಡಕ ಏರಿಸಿ ಅವನ ಕೆನ್ನೆ ನೋಡಿದರು. “ಇವತ್ತು ಇಂಟರ್‌ವ್ಯೂ ಇದ್ರೂ, ಹಲ್ಲುನೋವು ಅಂತ ಅಳ್ತಿದ್ದ ಒಬ್ಬನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಬಂದೆ ಅಂದ್ರಲ್ಲ... ಅದೂ ನೀವೇನಾ?”

ಹಲ್ಲುನೋವೇ ಸುಳ್ಳು ಎನ್ನಲೇ? ಬಾಯಿ ಬಿಟ್ಟರೆ ಬಣ್ಣಗೇಡು. ಅವನು ಮೆಲ್ಲಗೆ ಹೌದೆಂದು ತಲೆ ಆಡಿಸಿದ.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದರು ಮೇಡಂ. “ಮುಂದಿನ ವರ್ಷ ಬನ್ನಿ. ಇನ್ನೊಬ್ಬರ ಅನುಭವ ತರ್ಬೇಡಿ, ನಿಮ್ಮದೇ ತನ್ನಿ. ಮತ್ತೆ, ಅರ್ಜಿ ಹಾಕೋ ವಿಷಯ ನಿಮ್ಮ ಮ್ಯಾನೇಜರಿಗೆ ಮೊದಲೇ ಹೇಳಿ. ಅಂಥವರು ಸಿಗೋದು ಪುಣ್ಯ.”

ಹೊರಗೆ ಬಂದಾಗ ಸಂಜೆಯಾಗಿತ್ತು. ಗುಮಾಸ್ತನೊಬ್ಬ ಆಯ್ಕೆಯಾದವರ ಹೆಸರು ಓದುತ್ತಿದ್ದ. ನೀಲಿ ಕೋಟು ಮುಂದೆಯೇ ನಿಂತಿತ್ತು, ತನ್ನ ಹೆಸರು ಕೇಳಿ ಮುಷ್ಟಿ ಎತ್ತಿತು, ತಿರುಗಿತು, ಆಯ್ತುಸಾರ್‌ನನ್ನು ಕಂಡಿತು. ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯೋ ಮಾರಾಯ, ನೀನೂನಾ? ಬೆಳಿಗ್ಗೆಯೇ ಹೇಳಿದ್ರೆ ಹಲ್ಲಾದ್ರೂ ಉಳೀತಿತ್ತಲ್ಲೋ! ಆಫೀಸಿಂದ ಹೊರಗೆ ಬೀಳೋಕೆ ಏನು ನೆಪ ಹೇಳ್ಲಿ ಅಂತ ನಾನು ಪೆನ್ನು ಕಚ್ಕೊಂಡು ಕೂತಿದ್ದೆ. ನೀನು ದೇವರು ಬಂದ ಹಾಗೆ ಬಂದೆ. ಬಾ, ಮನೆ ತನಕ ಬಿಡ್ತೀನಿ.”

ಕಾರಿನಲ್ಲಿ ಆಯ್ತುಸಾರ್ ಒಂದು ನಿರ್ಧಾರಕ್ಕೆ ಬಂದ. ಸಾಕು, ಇವತ್ತಿಗೆ ಮುಗಿಯಿತು. ಜೋಮು ಇಳಿದು ತುಟಿಗೆ ಜೀವ ಬರಲಿ, ಆಡಬೇಕಾದ್ದನ್ನು ಆಡಿಯೇ ಬಿಡುತ್ತೇನೆ. ‘ಅನುಭವ ನನ್ನದು. ಕದ್ದವರು ನೀವು.’ ಇಷ್ಟೇ ಮಾತು. ಸಿಗ್ನಲ್ಲು ಬಂದಾಗಲೆಲ್ಲ ಕಣ್ಣು ಮುಚ್ಚಿ ಅದನ್ನೇ ತುಟಿಯಲ್ಲಿ ಹೇಳಿಕೊಂಡ. ಕೆನ್ನೆಯಲ್ಲಿ ಇರುವೆ ಹರಿದ ಹಾಗಾಗತೊಡಗಿತು. ತುಟಿ ಅಲುಗಿತು. ನಾಲಿಗೆ ಹಗುರಾಯಿತು.

“ನೋಡು,” ಎಂದರು ಮ್ಯಾನೇಜರು. “ಎರಡು ವರ್ಷ ಶನಿವಾರ, ಭಾನುವಾರ ನನಗೆ ಕ್ಲಾಸು. ಶನಿವಾರದ ನನ್ನ ಕೆಲಸ ನೀನು ನೋಡ್ಕೋಬೇಕು. ಮತ್ತೆ ವಾರಕ್ಕೊಂದು ಸ್ವಂತ ಅನುಭವ ಬರೆದು ತರ್ಬೇಕಂತೆ. ಬೀಗದ ಥರದ್ದು ನಿನ್ನ ಹತ್ರ ಇನ್ನೂ ಇರ್ಬೇಕಲ್ಲ? ಸೋಮವಾರದಿಂದ ಒಂದೊಂದೇ ಹೇಳ್ತಾ ಬಾ. ಏನು?”

ಆಯ್ತುಸಾರ್ ಉಸಿರೆಳೆದುಕೊಂಡ. ಬಾಯಿ ಪೂರ್ತಿ ಸರಿಯಾಗಿತ್ತು. ಮಧ್ಯಾಹ್ನದಿಂದ ಮೊದಲ ಸಲ, ಒಂದಕ್ಷರವೂ ತೊದಲದೆ, ಸ್ವಚ್ಛವಾಗಿ, ಸ್ಪಷ್ಟವಾಗಿ ಹೇಳಿದ:

“ಆಯ್ತು ಸಾರ್.”