ಏಳು ಗಂಟೆಯ ಜಪಮಾಲೆ

ದೇವರ ಮುಂದೆ ಮಂಡಿಯೂರಿದಾಗ ಮನುಷ್ಯನ ಒಳ್ಳೆಯ ಗುಣ ಹೊರಬರುತ್ತದೆಂದು ಫಾದರ್ ಹೇಳುತ್ತಾರೆ. ಅವರು ಸಂಜೆ ಏಳಕ್ಕೆ ಕೇಶ್ವಾಪುರದ ನಮ್ಮ ಮನೆಗೆ ಬಂದಿಲ್ಲ, ಅದಕ್ಕೇ ಹಾಗೆ ಹೇಳುತ್ತಾರೆ. ನಮ್ಮಲ್ಲಿ ಏನಾದರೊಂದು ಎಡವಟ್ಟಾಗದೆ ಜಪಮಾಲೆ ಮುಗಿದ ದಿನ ನನಗೆ ನೆನಪಿಲ್ಲ.

ಮಂಡಿಯೂರುವವರು ನಾಲ್ವರು. ಅತ್ತೆ, ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುವ ನನ್ನ ಗಂಡ, ಡಬಲ್ ಡಿಗ್ರಿ ಮಾಡಿದ ಮೈದುನ, ಮತ್ತು ಬೀದಿಯ ಮೂಲೆಯಲ್ಲಿ ಟೇಲರಿಂಗ್ ಅಂಗಡಿ ನಡೆಸುವ ನಾನು. ಮಾವ ತೀರಿಕೊಂಡ ಮೇಲೆ ಪ್ರಾರ್ಥನೆ ನಡೆಸುವ ಪಟ್ಟ ಮೈದುನನಿಗೆ ಹೋಯಿತು. ಗಂಡಸು, ಮೇಲೆ ಓದಿದವನು. ಇನ್ನೇನು ಬೇಕು?

ಮ್ಯಾಚಿನ ದಿನ

ಉಳಿದ ದಿನ ಇಪ್ಪತ್ತು ನಿಮಿಷ ಹಿಡಿಯುವ ಜಪಮಾಲೆ, ಕ್ರಿಕೆಟ್ ಮ್ಯಾಚ್ ಇದ್ದರೆ ಎಂಟು ನಿಮಿಷಕ್ಕೆ ಮುಗಿಯುತ್ತದೆ. ಅಂದು ಮಂಗಳವಾರ, ಯೇಸುವಿನ ಯಾತನೆಯನ್ನು ಧ್ಯಾನಿಸುವ ದಿನ. ಮೈದುನ ಎರಡು ಮಣಿಗೊಂದು ಪ್ರಾರ್ಥನೆಯಂತೆ ಓಡಿದ. ಕಡೆಯ ಆಮೆನ್ ಹೇಳುವಾಗ ಅವನ ಒಂದು ಕೈ ಶಿಲುಬೆಯ ಗುರುತು ಹಾಕುತ್ತಿತ್ತು, ಇನ್ನೊಂದು ರಿಮೋಟ್ ಹುಡುಕುತ್ತಿತ್ತು.

ಅತ್ತೆ ಕಣ್ಣು ಮುಚ್ಚಿಕೊಂಡು ತನ್ನ ಪಾಡಿಗೆ ಮಣಿ ಎಣಿಸುತ್ತಲೇ ಇದ್ದಳು.

"ಅವ್ವಾ, ಮುಗೀತು, ಏಳು" ಎಂದ.

"ನಿಂದು ಮುಗದಿರಬೇಕು. ಅಲ್ಲಿ ಸ್ವಾಮಿ ತಲಿಮ್ಯಾಲೆ ಈಗ ಮುಳ್ಳಿನ ಕಿರೀಟ ಇಡಾಕತ್ತಾರ. ನೀ ಆಗಲೇ ಶಿಲುಬಿಗೇರಿಸಿ ಟಿವಿ ಹಚ್ಚೀಯಲ್ಲೋ!"

ದೂರಿನ ಅರ್ಜಿ

ಜಪಮಾಲೆ ಮುಗಿದ ಮೇಲೆ ಒಬ್ಬೊಬ್ಬರೂ ಗಟ್ಟಿಯಾಗಿ ಒಂದೊಂದು ಬೇಡಿಕೆ ಹೇಳಬೇಕು. ಉಳಿದವರು "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎನ್ನಬೇಕು. ಇದು ಲೋಕದ ಶಾಂತಿಗಾಗಿ ಮಾಡಿದ ಪದ್ಧತಿಯಂತೆ. ನಮ್ಮ ಮನೆಯಲ್ಲಿ ಮುಖ ನೋಡಿ ಹೇಳಲಾಗದ್ದನ್ನು ದೇವರ ಮೂಲಕ ಹೇಳಿ ಕಳಿಸುತ್ತಾರೆ.

"ಅಂಗಡಿ ಅಂಗಡಿ ಅಂತ ಓಡ್ಯಾಡೋ ಹೆಣ್ಮಕ್ಕಳಿಗೆ ಸಾರಿಗೆ ಉಪ್ಪು ಹಾಕೂ ಬುದ್ಧಿ ಕೊಡಪ್ಪಾ" ಎಂದಳು ಅತ್ತೆ. ಮನೆಯಲ್ಲಿ ಅಂಗಡಿ ಇರುವ ಹೆಣ್ಣು ನಾನೊಬ್ಬಳೇ. ಆದರೂ ಪದ್ಧತಿ ಪದ್ಧತಿಯೇ. "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎಂದು ನನ್ನ ಮೇಲಿನ ದೂರಿಗೆ ನಾನೇ ಸಹಿ ಹಾಕಿದೆ.

ನನ್ನ ಸರದಿ ಬಂತು. "ಡಬಲ್ ಡಿಗ್ರಿ ಆದವರಿಗೆ ಉಂಡ ತಾಟು ಎತ್ತೂ ಶಕ್ತಿ ಕೊಡಪ್ಪಾ" ಎಂದೆ. ಮೈದುನ ಹಲ್ಲು ಕಚ್ಚಿಕೊಂಡು ಸಹಿ ಹಾಕಿದ.

ಕೊನೆಗೆ ನನ್ನ ಗಂಡ ಕೈಮುಗಿದು ಹೇಳಿದರು: "ಸ್ವಾಮಿ, ಜಗತ್ತಿಗೆ ಶಾಂತಿ ಕೊಡು. ಜಗತ್ತಿಗೆ ತಡಾ ಆದ್ರ, ಮೊದಲ ನನಗಷ್ಟ ಕೊಡು."

ನಲವತ್ತು ಮಂದಿ

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬ್ಲೌಸಿನ ಅಳತೆಗೆಂದು ಕತ್ತರಿಸುವ ಹಳೆಯ ಪೇಪರುಗಳನ್ನು ಕತ್ತರಿಸುವ ಮೊದಲು ಓದಿ ಓದಿ ಅಕ್ಷರ ಗಟ್ಟಿ ಮಾಡಿಕೊಂಡೆ. ಈಗ ಬೈಬಲ್ಲನ್ನು ಎರಡು ಸಲ ಮುಗಿಸಿದ್ದೇನೆ. ನನಗಿದ್ದ ಆಸೆ ಒಂದೇ. ಒಂದು ಸಂಜೆ ಆ ಪುಸ್ತಕ ನನ್ನ ಕೈಯಲ್ಲಿರಬೇಕು, ನಾನು ಓದಬೇಕು, ಇವರು ಕೇಳಬೇಕು. ಕೇಳಿದಾಗಲೆಲ್ಲ ಮೈದುನ ನಗುತ್ತಿದ್ದ: "ವೈನಿ, ಇದು ಬ್ಲೌಸಿನ ಅಳತಿ ಅಲ್ರೀ."

ಕ್ರಿಸ್‌ಮಸ್ ಹತ್ತಿರವಿತ್ತು. ಯೇಸುವಿನ ವಂಶಾವಳಿ ಓದುವ ದಿನ. ಬಾಯಿಗೆ ಬಾರದ ಹೆಸರುಗಳನ್ನು ಕಂಡು ಡಬಲ್ ಡಿಗ್ರಿ ಬೆವರಿತು. "ಅಬ್ರಹಾಮನಿಗೆ ಈಸಾಕನು ಹುಟ್ಟಿದನು, ಇತ್ಯಾದಿ ಇತ್ಯಾದಿ, ಕೊನೆಗೆ ಯೇಸು ಹುಟ್ಟಿದರು" ಎಂದು ಪುಸ್ತಕ ಮಡಚಿದ.

"ನಡುವಿನ ನಲವತ್ತು ಮಂದಿ ಏನ್ ಪಾಪ ಮಾಡಿದ್ರು?" ಎಂದೆ.

"ಅವ್ರೆಲ್ಲಾ ಸತ್ತು ಭಾಳ ವರ್ಷ ಆತ್ರೀ ವೈನಿ."

"ನಾ ಓದ್ತೇನಿ ಕೊಡು."

"ಗಂಡಸರು ಇದ್ದಾಗ ನೀ ಯಾಕವಾ?" ಎಂದು ಅತ್ತೆ ತೀರ್ಪು ಕೊಟ್ಟಳು. ಆ ನಲವತ್ತು ಗಂಡಸರ ಪರವಾಗಿ ನಿಲ್ಲಲು ನಮ್ಮ ಮನೆಯ ಇಬ್ಬರು ಗಂಡಸರೂ ಬಾಯಿಬಿಡಲಿಲ್ಲ.

ಮಾತೆ ಮನೆಗೆ ಬಂದಳು

ಅಕ್ಟೋಬರ್ ಜಪಮಾಲೆಯ ತಿಂಗಳು. ಯೇಸುವಿನ ತಾಯಿ, ಮಾತೆ ಮರಿಯಮ್ಮನ ಪ್ರತಿಮೆ ದಿನಕ್ಕೊಂದು ಮನೆಯಂತೆ ನಮ್ಮ ಓಣಿ ಸುತ್ತುತ್ತದೆ. ಮರುವರ್ಷ ಪ್ರತಿಮೆ ನಮ್ಮ ಮನೆಗೆ ಬಂದ ಸಂಜೆ ಹತ್ತು ಮನೆಯ ಜನ ಸೇರಿದ್ದರು, ಕಾನ್ವೆಂಟಿನ ಸಿಸ್ಟರ್ ಕೂಡ. ಇಷ್ಟು ಜನರ ಮುಂದಾದರೂ ಓದೋಣವೆಂದು ನಾನು ಪ್ರಾರ್ಥನೆಯ ಪುಸ್ತಕಕ್ಕೆ ಕೈ ಹಾಕಿದೆ.

"ಈಗ ಪುಸ್ತಕ ಯಾರ ಹಿಡೀತಾರ್ರೀ?" ಎಂದ ಮೈದುನ. ಮೊಬೈಲಿಗೆ ದೊಡ್ಡ ಸ್ಪೀಕರ್ ಜೋಡಿಸಿ ಜಪಮಾಲೆ ಹಚ್ಚಿದ. ಮೊಬೈಲಿನಲ್ಲಿದ್ದ ಹೆಂಗಸು ಮಾತೆಯ ಬಿರುದುಗಳನ್ನು ಒಂದೊಂದಾಗಿ ಹೇಳಬೇಕು, ನಾವು ಪ್ರತಿಯೊಂದಕ್ಕೂ "ನಮಗಾಗಿ ಪ್ರಾರ್ಥಿಸಿರಿ" ಎನ್ನಬೇಕು. ದನಿ ಇಂಪಾಗಿತ್ತು. ಎಲ್ಲರೂ ಕಣ್ಣು ಮುಚ್ಚಿ ಲಯಕ್ಕೆ ಬಿದ್ದರು.

"ಮುಂಜಾನೆಯ ನಕ್ಷತ್ರವೇ."

"ನಮಗಾಗಿ ಪ್ರಾರ್ಥಿಸಿರಿ."

"ರೋಗಿಗಳ ಆರೋಗ್ಯವೇ."

"ನಮಗಾಗಿ ಪ್ರಾರ್ಥಿಸಿರಿ."

ಅಲ್ಲಿ ಜಾಹೀರಾತು ನುಗ್ಗಿತು. ಅದೂ ಹೆಂಗಸಿನ ದನಿ, ಅಷ್ಟೇ ಇಂಪು.

"ಮೂಲವ್ಯಾಧಿಗೆ ಆಪರೇಷನ್ ಬೇಕಿಲ್ಲ."

"ನಮಗಾಗಿ ಪ್ರಾರ್ಥಿಸಿರಿ" ಎಂದಿತು ಇಡೀ ಮನೆ.

"ಒಂದೇ ದಿನದಲ್ಲಿ ಗುಣ."

"ನಮಗಾಗಿ ಪ್ರಾರ್ಥಿಸಿರಿ."

"ಕೂಡ್ರಲು ಆಗದವರು ಕೂಡಲೇ ಕರೆ ಮಾಡಿ."

ಅಷ್ಟರಲ್ಲಿ ಸಿಸ್ಟರ್ ಕಣ್ಣು ತೆರೆದರು. ಅವರು ಸೆರಗಿಲ್ಲದ್ದಕ್ಕೆ ತಲೆವಸ್ತ್ರವನ್ನೇ ಬಾಯಿಗೆ ತುರುಕಿಕೊಂಡರು. ಮೈದುನ ಗಾಬರಿಯಲ್ಲಿ ಒತ್ತಬಾರದ್ದನ್ನೆಲ್ಲ ಒತ್ತಿ, ಸ್ಪೀಕರಿನ ವೈರನ್ನೇ ಕಿತ್ತ. ಅತ್ತೆಯೊಬ್ಬಳೇ ಇನ್ನೂ ಕಣ್ಣು ಮುಚ್ಚಿಕೊಂಡು ಕೂತಿದ್ದಳು.

ನಾನು ಯಾರನ್ನೂ ಕೇಳಲಿಲ್ಲ. ಪುಸ್ತಕ ತೆಗೆದು ಬಿರುದುಗಳನ್ನು ಮೊದಲಿನಿಂದ ಓದಿದೆ. ಒಂದನ್ನೂ ಬಿಡಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ. ಹತ್ತು ಮನೆಯ ಜನ ನನ್ನ ದನಿಗೆ ಉತ್ತರ ಕೊಟ್ಟರು. ಮುಗಿದಾಗ ಮೈದುನ ಬಾಗಿಲ ಹತ್ತಿರ ಚಪ್ಪಲಿ ಎಣಿಸುತ್ತಿದ್ದ.

ಎಲ್ಲರೂ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದಳು.

"ಛಲೋ ಓದಿದಿ ಬಿಡವಾ. ನಾಳಿಂದ ಪುಸ್ತಕ ನೀನ ಹಿಡಿ."

ನನ್ನ ಎದೆ ಉಬ್ಬಿತು. ಅತ್ತೆ ದನಿ ತಗ್ಗಿಸಿದಳು.

"ಆದ್ರ ಒಂದು ಮಾತು. ಆ ಒಂದ ದಿನದಾಗ ಗುಣ ಮಾಡೂ ಮಾತೆ ಹೆಸರು ನೀ ಯಾಕ ಬಿಟ್ಟಿ? ನನಗ ಬೇಕಾಗಿದ್ದೇ ಆಕಿ."